ಒಂದೇ ಕಾಯಿಲೆ, ಒಂದು ಕಡೆ ನೆಗಡಿಯಂತೆ ಹೋಯಿತು, ಇನ್ನೊಂದು ಕಡೆ ಮಾರಿಯಂತೆ ಕೂತಿತು. ಯಾಕೆ?

ಗೂಡಿನ ಮನೆ, ಶಿಡ್ಲಘಟ್ಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಮೊನ್ನೆ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹಿರಿಯರು ಮಾತು ತೆಗೆದರು. "ಕೊರೊನಾದಲ್ಲಿ ಇಟಲಿಯವರು, ಅಮೆರಿಕದವರು ಸತ್ತ ಹಾಗೆ ನಾವು ಸಾಯಲಿಲ್ಲ ನೋಡು. ನಮ್ಮದು ಮುದ್ದೆ ತಿಂದ ಮೈ, ಬಿಸಿಲಲ್ಲಿ ದುಡಿದ ಮೈ." ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ನಾನು ಏನೂ ಹೇಳದೆ ಹಾಲು ಹಾಕಿ ಬಂದುಬಿಟ್ಟೆ. ಆದರೆ ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನಮ್ಮಪ್ಪ 2021ರ ಮೇ ತಿಂಗಳಲ್ಲಿ ಹೋದರು. 66 ವರ್ಷ. ಹುಟ್ಟಿದಾಗಿನಿಂದ ಮುದ್ದೆ, ಸೊಪ್ಪಿನ ಸಾರು. ಹಿಪ್ಪುನೇರಳೆ ತೋಟದಲ್ಲಿ ಬಿಸಿಲಿಗೆ ಬೆನ್ನು ಕೊಡದ ದಿನವೇ ಇಲ್ಲ. ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಮೆಷಿನ್ 82 ತೋರಿಸುತ್ತಿತ್ತು. ಮೂರು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ಕಡೆ ಬೆಡ್ ಇಲ್ಲ ಎಂದರು. ಮೂರನೇ ಕಡೆ ಬೆಡ್ ಇತ್ತು, ಆಕ್ಸಿಜನ್ ಬೆಳಗ್ಗೆವರೆಗೆ ಮಾತ್ರ ಇದೆ ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದರು. ಕಿಟಕಿ ಗಾಜು ಇಳಿಸು ಎಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದರು. ಗಾಜು ಆಗಲೇ ಇಳಿದಿತ್ತು.

ನಾನು ರೇಷ್ಮೆ ಹುಳ ಸಾಕುವವನು. ನನಗೆ ಗೊತ್ತಿರುವುದು ಹುಳದ ಲೆಕ್ಕ. ಮರಿ ಹುಳ ಬೆಳೆಸಿ ಕೊಡುವ ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನ, ನಾನೂ ಪಕ್ಕದ ತೋಟದವರೂ ಹುಳ ತರುತ್ತೇವೆ. ತಳಿ ಒಂದೇ, ಸೊಪ್ಪೂ ಹೆಚ್ಚುಕಡಿಮೆ ಒಂದೇ. ನಾಲ್ಕನೇ ಜ್ವರ, ಅಂದರೆ ಹುಳ ನಾಲ್ಕನೇ ಸಲ ಪೊರೆ ಬಿಡುವುದು, ಎದ್ದ ಮೇಲೆ ನೋಡಿದರೆ ಒಂದು ಮನೆಯಲ್ಲಿ 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಎನ್ನುತ್ತೇವೆ) 80 ಕೆಜಿ ಗೂಡು ಬರುವಂಥ ಬೆಳೆ. ಇನ್ನೊಂದು ಮನೆಯಲ್ಲಿ ಹಾಲುತೊಂಡೆ ರೋಗ ಬಂದು ಸಾಲು ಸಾಲೇ ಗುಂಡಿಗೆ. ಆಗ ನಾವು ಹುಳದ ಹಣೆಬರಹ ಎಂದು ಸುಮ್ನೆ ಕೂರುವುದಿಲ್ಲ. ಹುಳ ಇಕ್ಕಟ್ಟಾಗಿತ್ತಾ, ಗಾಳಿ ಆಡಿತ್ತಾ, ಹಿಂದಿನ ಬೆಳೆ ಆದ ಮೇಲೆ ಮನೆ ತೊಳೆದು ಸುಣ್ಣ, ಬ್ಲೀಚಿಂಗ್ ಹಾಕಿದ್ದರಾ ಎಂದು ಒಂದೊಂದೇ ಕೇಳುತ್ತೇವೆ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಯಾಕೆ "ನಮ್ಮ ಮೈ ಗಟ್ಟಿ" ಎನ್ನುವಲ್ಲಿಗೆ ಮಾತು ಮುಗಿಸುತ್ತೇವೆ?

ಪ್ರಪಂಚದ ಬೇರೆ ಬೇರೆ ಕಡೆ ಅದೇ ವೈರಸ್ ಇಷ್ಟು ಹೆಚ್ಚುಕಡಿಮೆ ಯಾಕೆ ಕೊಂದಿತು? ತಿಳಿದವರು ಬಿಡಿಸಿ ಹೇಳಿ.


ಮೇಷ್ಟ್ರು, ಚಿಂತಾಮಣಿ:

ತಮ್ಮಾ, ಅಪ್ಪನವರ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿನ್ನ ಪ್ರಶ್ನೆ ಸರಿಯಾದ ಪ್ರಶ್ನೆ. ಹುಳದ ಮನೆಯಿಂದ ಶುರು ಮಾಡಿದ್ದೂ ಸರಿ.

ಕೊರೊನಾ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. ಲಸಿಕೆ ಬರುವ ಮುಂಚೆ ಅನುಕೂಲಸ್ಥ ದೇಶಗಳಲ್ಲಿ ತೆಗೆದ ಲೆಕ್ಕ ಇದು. ಸೋಂಕು ತಗುಲಿದ 55 ವರ್ಷದ 1,000 ಜನರಲ್ಲಿ ಸಾಯುವವರು ಸುಮಾರು 4. 65 ವರ್ಷದವರಾದರೆ 14. 75ಕ್ಕೆ 46. 85ಕ್ಕೆ 150. ಅದೇ 25 ವರ್ಷದ ಹುಡುಗರಾದರೆ 10,000ಕ್ಕೆ ಒಬ್ಬರು. ಹತ್ತು ವರ್ಷ ಏರಿದ ಹಾಗೆಲ್ಲ ಅಪಾಯ ಮೂರು ಪಟ್ಟು ಏರುತ್ತದೆ.

ಈಗ ಒಂದು ದೇಶದ ಜನರನ್ನೆಲ್ಲ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿ. ನಟ್ಟ ನಡುವೆ ನಿಂತವರ ವಯಸ್ಸು ಕೇಳಿ. ಇಟಲಿಯಲ್ಲಿ ಅವರಿಗೆ 46ರ ಮೇಲೆ. ನಮ್ಮ ದೇಶದಲ್ಲಿ 28ರ ಆಸುಪಾಸು. ಉಗಾಂಡದಲ್ಲಿ 16ರ ಆಸುಪಾಸು. ಡೇರಿ ಹತ್ತಿರ ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯ ಇಲ್ಲಿದೆ. ನಮ್ಮಲ್ಲಿ ಮೊದಲ ಅಲೆಯಲ್ಲಿ ಬದುಕಿದ ಎಷ್ಟೋ ಜನ ಬದುಕಿದ್ದು ಮುದ್ದೆಯಿಂದ ಅಲ್ಲ, ಚಿಕ್ಕ ವಯಸ್ಸಿನಿಂದ.

ಆದರೆ ಇನ್ನೊಂದು ಮಾತು ಸೇರಿಸಲೇಬೇಕು. ಒಂದೇ ವಯಸ್ಸಿನವರನ್ನು ತೆಗೆದುಕೊಂಡು ಹೋಲಿಸಿದರೆ, ಬಡ ದೇಶದಲ್ಲಿ ಸತ್ತವರೇ ಜಾಸ್ತಿ. 66 ವರ್ಷದ ಇಟಲಿಯವರಿಗಿಂತ 66 ವರ್ಷದ ನಿಮ್ಮ ಅಪ್ಪನವರಿಗೆ ಅಪಾಯ ಹೆಚ್ಚಿತ್ತು. ದೇಶದ ಒಟ್ಟು ಲೆಕ್ಕದಲ್ಲಿ ಇದು ಕಾಣುವುದಿಲ್ಲ, ಹುಡುಗರ ಸಂಖ್ಯೆಯ ಕೆಳಗೆ ಮುಚ್ಚಿಹೋಗುತ್ತದೆ.


ಮಂಡಿ ಲೆಕ್ಕ, ಕೋಲಾರ:

ಮೇಷ್ಟ್ರೇ, ವಯಸ್ಸಿನ ಮಾತು ಒಪ್ಪಿದೆ. ಆದರೆ ಬಿಸಿಲು, ಧೂಳು, ಚಿಕ್ಕಂದಿನಲ್ಲಿ ಟಿಬಿ ಬಾರದಿರಲಿ ಎಂದು ಹಾಕುವ ಬಿಸಿಜಿ ಚುಚ್ಚುಮದ್ದು ಇವೆಲ್ಲ ಏನೂ ಅಲ್ವಾ?

ಯಾಕೆ ಕೇಳುತ್ತೇನೆ ಅಂದರೆ, 2020ರ ಮೇ ಮೊದಲ ವಾರದಲ್ಲೂ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು, ಅಂದರೆ ಕೊರೊನಾ ಇಲ್ಲದ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಪಕ್ಕದಲ್ಲೇ ಬೆಂಗಳೂರು. ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಬೆಳಗ್ಗೆ ಹರಾಜು ಶುರುವಾದರೆ ಬಾಕ್ಸ್ ಸಾಲಿನ ಮಧ್ಯೆ ಕಾಲಿಡಲು ಜಾಗ ಇರುವುದಿಲ್ಲ. ಮಾಸ್ಕ್ ಎಲ್ಲರ ಗದ್ದದ ಮೇಲೆ. ಎಲ್ಲೆಲ್ಲಿಂದಲೋ ಲಾರಿ ಬರುತ್ತಿತ್ತು, ಹೋಗುತ್ತಿತ್ತು. ಆದರೂ ಏನೂ ಆಗಲಿಲ್ಲ. ಆಗ ನಾವೆಲ್ಲ ಮನಸ್ಸಾರೆ ನಂಬಿದ್ದೆವು, ಇದು ನಮ್ಮ ಮಣ್ಣಿನ ಗುಣ ಎಂದು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸಾಲಿನ ನಾಲ್ಕು ಮಂಡಿಯಲ್ಲಿ ಮೂವರು ಹೋದರು. ಒಬ್ಬರಿಗೆ 41 ವರ್ಷ. ಆ ಎರಡು ವರ್ಷಕ್ಕೆ ಇಷ್ಟು ವ್ಯತ್ಯಾಸ ಯಾಕೆ ಬಂತು ಎಂದು ಇವತ್ತಿಗೂ ನನಗೆ ಅರ್ಥ ಆಗಿಲ್ಲ.


ಓದುತ್ತಿರುವವಳು, ಗೌರಿಬಿದನೂರು:

ಅಣ್ಣಾ, ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ನೀವು ಕೇಳಿದ್ದನ್ನೇ ನಮ್ಮ ತರಗತಿಯಲ್ಲಿ ಮೂರು ದಿನ ಚರ್ಚೆ ಮಾಡಿದ್ದೆವು.

ಬಿಸಿಲಿನ ವಿಷಯ ಮೊದಲು. ಬ್ರೆಜಿಲ್‌ನ ಮನೌಸ್ ಅಮೆಜಾನ್ ಕಾಡಿನ ನಡುವಿನ ಊರು. ವರ್ಷವಿಡೀ ಸೆಖೆ. 2020ರಲ್ಲಿ ಅಲ್ಲಿ ಹೆಣ ಹೂಳಲು ಯಂತ್ರದಲ್ಲಿ ಸಾಲಾಗಿ ಗುಂಡಿ ತೋಡಿದರು. 2021ರ ಜನವರಿಯಲ್ಲಿ ಆಕ್ಸಿಜನ್ ಪೂರ್ತಿ ಖಾಲಿಯಾಗಿ ಮತ್ತೆ ಅದೇ ಕಥೆ. ಈಕ್ವೆಡಾರ್‌ನ ಗುವಾಯಾಕಿಲ್ ಕೂಡ ಬಿಸಿ ಊರೇ. ಅಲ್ಲಿ ಶವ ಮನೆ ಮುಂದೆ, ರಸ್ತೆ ಮೇಲೆ ಇದ್ದವು. ನಮ್ಮಲ್ಲೇ ಎರಡನೇ ಅಲೆ ಬಂದಿದ್ದು ಏಪ್ರಿಲ್, ಮೇ ಬಿಸಿಲಿನಲ್ಲಿ.

ಬಿಸಿಜಿ ಬಗ್ಗೆ ಮೊದಮೊದಲು ತುಂಬ ಜನ ವಿಜ್ಞಾನಿಗಳೂ ಆಸೆ ಇಟ್ಟುಕೊಂಡಿದ್ದರು. ಆಮೇಲೆ ಹಲವು ದೇಶಗಳ ಸುಮಾರು 4,000 ಆರೋಗ್ಯ ಕೆಲಸಗಾರರ ಮೇಲೆ ಪರೀಕ್ಷೆ ಮಾಡಿದರು. 2023ರಲ್ಲಿ ಫಲಿತಾಂಶ ಬಂತು. ಬಿಸಿಜಿ ಹಾಕಿಸಿಕೊಂಡವರಿಗೆ ಕೊರೊನಾ ಕಡಿಮೆ ಆಗಿರಲಿಲ್ಲ.

ಕೋಲಾರದ ವಿಷಯ ನನಗೆ ಹೀಗೆ ಅನಿಸುತ್ತದೆ. 2020ರ ಮೇನಲ್ಲಿ ಕಾಯಿಲೆ ಕೋಲಾರಕ್ಕೆ ಬಂದು ಸೋತಿರಲಿಲ್ಲ. ಬಂದೇ ಇರಲಿಲ್ಲ, ಅಷ್ಟೇ. ಬಸ್ಸು, ರೈಲು ನಿಂತಿದ್ದವು. 2021ರಲ್ಲಿ ಎಲ್ಲ ತೆರೆದಿತ್ತು, ಬಂದ ವೈರಸ್ ಡೆಲ್ಟಾ, ಮೊದಲಿನದಕ್ಕಿಂತ ಬೇಗ ಹರಡುವಂಥದ್ದು. ಲಸಿಕೆ ಶುರುವಾಗಿದ್ದು ಆ ವರ್ಷದ ಜನವರಿ 16ಕ್ಕೆ, ಏಪ್ರಿಲ್ ಹೊತ್ತಿಗೆ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿರಲಿಲ್ಲ.

ಯಾವಾಗ ಬರುತ್ತದೆ ಎನ್ನುವುದೂ ಒಂದು ಕಾರಣ, ಅದನ್ನು ಜನ ಮರೆಯುತ್ತಾರೆ. ಇಟಲಿಯ ಲೊಂಬಾರ್ಡಿಗೆ ಅದು 2020ರ ಫೆಬ್ರುವರಿಯಲ್ಲೇ ನುಗ್ಗಿತು. ವೈದ್ಯರಿಗೆ ಆಗ ಏನು ಕೊಡಬೇಕು ಎಂದೇ ಗೊತ್ತಿಲ್ಲ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್, ವೆಂಟಿಲೇಟರ್ ಮೇಲಿರುವವರಲ್ಲಿ ಮೂರರಲ್ಲಿ ಒಂದು ಸಾವು ತಪ್ಪಿಸುತ್ತದೆ ಎಂದು ತಿಳಿದಿದ್ದು ಜೂನ್ 2020ಕ್ಕೆ. ಮೊದಲು ಸಿಕ್ಕಿಬಿದ್ದವರು ಅದನ್ನು ತಿಳಿಯದೆ ಹೋದರು. ನಾಲ್ಕು ತಿಂಗಳು ತಡವಾಗಿ ಸಿಕ್ಕಿಬಿದ್ದವರಿಗೆ ಅದು ಗೊತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಪೆರು ದೇಶ. ಜನಸಂಖ್ಯೆ ಸುಮಾರು 3.3 ಕೋಟಿ, ಕರ್ನಾಟಕದ ಅರ್ಧ. ಸತ್ತವರು 2.2 ಲಕ್ಷದ ಹತ್ತಿರ. ಜನಸಂಖ್ಯೆಗೆ ಹೋಲಿಸಿದರೆ ವರದಿಯಾದ ಸಾವಿನಲ್ಲಿ ಪ್ರಪಂಚಕ್ಕೇ ಮೊದಲು. ಅಲ್ಲಿನ ಜನ ವಯಸ್ಸಾದವರಲ್ಲ. ಲಾಕ್‌ಡೌನ್ ಕೂಡ 2020ರ ಮಾರ್ಚ್ ಮಧ್ಯದಲ್ಲೇ, ಬಹಳ ಬಿಗಿಯಾಗಿ ಮಾಡಿದ್ದರು. ಆದರೂ ಯಾಕೆ? ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇಲ್ಲ. ಹಾಗಾಗಿ ತರಕಾರಿ, ಮೀನಿಗೆ ಮತ್ತೆ ಮತ್ತೆ ಮಾರ್ಕೆಟ್ಟಿಗೆ ಹೋಗಲೇಬೇಕು. ಹತ್ತರಲ್ಲಿ ಏಳು ಜನ ದಿನಗೂಲಿ, ಬೀದಿ ವ್ಯಾಪಾರ ಥರದ ಕೆಲಸದವರು. ಸರ್ಕಾರ ಸಹಾಯಧನ ಕೊಟ್ಟಿತು, ಅದನ್ನು ತೆಗೆಯಲು ಬ್ಯಾಂಕ್ ಮುಂದೆ ಸಾಲು. ಆಕ್ಸಿಜನ್ ಸಿಲಿಂಡರ್ ಬೆಲೆ ಏರಿಬಿಟ್ಟಿತು, ತುಂಬಿಸಲು ಜನ ರಾತ್ರಿಯೆಲ್ಲ ಕಾದರು. ಮನೆಯಲ್ಲೇ ಇರಿ ಎಂದು ಹೇಳುವುದು ಸುಲಭ. ಇರಲು ಅನುಕೂಲ ಇರುವ ಮನೆ ಬೇಕಲ್ವಾ?

ಇದರ ಎದುರಿಗೆ ಜಪಾನ್ ನೋಡಿ. ಪ್ರಪಂಚದಲ್ಲೇ ಅತಿ ಹೆಚ್ಚು ಮುದುಕರಿರುವ ದೇಶಗಳಲ್ಲಿ ಒಂದು. ಮೇಷ್ಟ್ರ ಲೆಕ್ಕದ ಪ್ರಕಾರ ಇಟಲಿಗಿಂತ ಜಾಸ್ತಿ ಸಾಯಬೇಕಿತ್ತು. ಆಗಲಿಲ್ಲ. ಪೊಲೀಸರ ಬಿಗಿ ಲಾಕ್‌ಡೌನ್ ಅಲ್ಲಿ ಇರಲೇ ಇಲ್ಲ. ಮುಚ್ಚಿದ ಜಾಗ, ಕಿಕ್ಕಿರಿದ ಜಾಗ, ಮುಖಕ್ಕೆ ಮುಖ ಕೊಟ್ಟು ಮಾತು, ಈ ಮೂರನ್ನು ಬಿಡಿ ಎಂದು ಶುರುವಿನಲ್ಲೇ ಹೇಳಿದರು. ಜನ ಮಾಸ್ಕ್ ಹಾಕಿದರು, ಅವರಿಗೆ ಅದು ಮೊದಲೇ ರೂಢಿ. ಬೊಜ್ಜು ಅಲ್ಲಿ ನೂರಕ್ಕೆ ನಾಲ್ಕೈದು ಜನಕ್ಕೆ, ಅಮೆರಿಕದಲ್ಲಿ ನಲವತ್ತಕ್ಕೂ ಜಾಸ್ತಿ. ಆಸ್ಪತ್ರೆ ಎಲ್ಲರಿಗೂ ಸಿಗುತ್ತದೆ. ವಯಸ್ಸು ಅಪಾಯ ತರುತ್ತದೆ ನಿಜ, ಆದರೆ ಅದನ್ನು ತಡೆದು ನಿಲ್ಲಿಸಿದವರೂ ಇದ್ದಾರೆ.


ಮಂಡಿ ಲೆಕ್ಕ, ಕೋಲಾರ:

ಬ್ಯಾಂಕ್ ಸಾಲಿನ ಮಾತು ಓದಿ ನೆನಪಾಯಿತು ತಾಯಿ. 2020ರಲ್ಲಿ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬಂದಾಗ ನಮ್ಮ ಹೋಬಳಿ ಬ್ಯಾಂಕ್ ಮುಂದೆ ಹೆಂಗಸರು ಬೆಳಗ್ಗೆ ಆರಕ್ಕೇ ಚಪ್ಪಲಿ ಸಾಲಿಟ್ಟು ಕೂರುತ್ತಿದ್ದರು. ನಮ್ಮಮ್ಮನೂ ಹೋಗಿದ್ದರು. ನಮ್ಮ ಪುಣ್ಯ, ಆಗ ವೈರಸ್ ಇಲ್ಲಿಗೆ ಬಂದಿರಲಿಲ್ಲ. ಪೆರುವಿನ ಹೆಂಗಸರಿಗೂ ನಮ್ಮಮ್ಮನಿಗೂ ಇದ್ದ ವ್ಯತ್ಯಾಸ ಅಷ್ಟೇ ಅಂತಾಯಿತು.


ಮಾರಿಕುಪ್ಪಂ ರೈಲು, ಕೆಜಿಎಫ್:

ನೀವೆಲ್ಲ ದೇಶ ದೇಶ ಹೋಲಿಸುತ್ತಿದ್ದೀರಿ. ನಾನು ಒಂದು ಬೀದಿಯ ವಿಷಯ ಹೇಳುತ್ತೇನೆ.

ನಮ್ಮ ತಂದೆ ಇಲ್ಲಿನ ಚಿನ್ನದ ಗಣಿಯಲ್ಲಿ ಇದ್ದವರು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಗಣಿ ಹೋಯಿತು, ಕಲ್ಲಿನ ಪುಡಿ ಮಾತ್ರ ಅವರ ಎದೆಯಲ್ಲೇ ಉಳಿಯಿತು. ಸಿಲಿಕೋಸಿಸ್. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಮೊದಲು ದಾಖಲಾದ ಜಾಗಗಳಲ್ಲಿ ಕೆಜಿಎಫ್ ಒಂದು. ಈ ಕಾಯಿಲೆ ಇದ್ದವರಿಗೆ ಟಿಬಿ ಕೂಡ ಬೇಗ ಹತ್ತುತ್ತದೆ. ನಮ್ಮದು ಲೈನ್ ಮನೆ. ಮುಂದೆ ಒಂದು ಕೋಣೆ, ಹಿಂದೆ ಅಡುಗೆ. ಆರು ಜನ. ಒಬ್ಬರಿಗೆ ಜ್ವರ ಬಂದರೆ "ಪ್ರತ್ಯೇಕವಾಗಿ ಇರಿ" ಎನ್ನುತ್ತಾರೆ. ಎಲ್ಲಿ? ನಾನು ನಾಲ್ಕು ದಿನ ಹೊರಗೆ ಹುಣಸೆ ಮರದ ಕೆಳಗೆ ಮಂಚ ಹಾಕಿಕೊಂಡು ಮಲಗಿದ್ದೆ. ಮಳೆ ಬಂದ ದಿನ ಒಳಗೆ ಬಂದೆ.

ಇನ್ನೊಂದು ವಿಷಯ. ಇಲ್ಲಿ ಕೆಲಸ ಇಲ್ಲ ಎಂದು ಸಾವಿರಾರು ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇವೆ. ಮಾರಿಕುಪ್ಪಂನಲ್ಲಿ ಸೀಟು ಸಿಕ್ಕರೆ ಸಿಕ್ಕಿತು. ಬಂಗಾರಪೇಟೆ ದಾಟಿದ ಮೇಲೆ ಬಾಗಿಲಲ್ಲಿ ಜೋತುಬಿದ್ದುಕೊಂಡೇ ಪ್ರಯಾಣ. ಮನೆಯಿಂದ ಕೆಲಸ ಮಾಡುವವರಿಗೂ ಈ ಡಬ್ಬಿಯಲ್ಲಿ ಉಸಿರು ಬಿಗಿಹಿಡಿದು ಹೋಗುವವರಿಗೂ ಒಂದೇ ಅಪಾಯ ಹೇಗಾಗುತ್ತದೆ?

2021ರಲ್ಲಿ ಇಪ್ಪತ್ತು ವರ್ಷದಿಂದ ಬೀಗ ಹಾಕಿದ್ದ, ಗಣಿ ಕಂಪನಿ ಬಿಜಿಎಂಎಲ್‌ನ ಆಸ್ಪತ್ರೆಯನ್ನು ಜನ ಸೇರಿ ಗುಡಿಸಿ, ತೊಳೆದು ಮತ್ತೆ ತೆರೆದರು. ಕೆಜಿಎಫ್‌ನವರಿಗೆ ಆ ಕಟ್ಟಡ ನೋಡಿದರೆ ಕಣ್ಣು ತುಂಬುತ್ತದೆ. ಒಂದು ಕಾಲಕ್ಕೆ ದೊಡ್ಡ ಹೆಸರಿದ್ದ ಆಸ್ಪತ್ರೆ. ಅದು ಆ ಇಪ್ಪತ್ತು ವರ್ಷವೂ ನಡೆಯುತ್ತಾ ಇದ್ದಿದ್ದರೆ ನಮ್ಮಪ್ಪನ ಎದೆ ಯಾರಾದರೂ ಮೊದಲೇ ನೋಡಿರುತ್ತಿದ್ದರು.


ಮೇಷ್ಟ್ರು, ಚಿಂತಾಮಣಿ:

ಕೆಜಿಎಫ್ ತಮ್ಮನ ಮಾತೇ ಇಡೀ ಚರ್ಚೆಯ ಮುಖ್ಯ ಮಾತು ಅನಿಸಿತು. ಅದಕ್ಕೆ ನೂರು ವರ್ಷ ಹಳೆಯ ಸಾಕ್ಷಿ ಕೊಡುತ್ತೇನೆ.

1918ರ ಇನ್‌ಫ್ಲುಯೆಂಜಾ. ಯುದ್ಧದಿಂದ ಮರಳುವವರ ಹಡಗಿನ ಜೊತೆ ಬೊಂಬಾಯಿಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಎರಡನೇ ಅಲೆ, ಅದೇ ಕೊಂದಿದ್ದು. ಬೊಂಬಾಯಿ ನಗರದಲ್ಲಿ ಜಾತಿ, ಜನಾಂಗದ ಪ್ರಕಾರ ಸಾವಿನ ಲೆಕ್ಕ ಇಟ್ಟಿದ್ದರು. ಯುರೋಪಿನವರಲ್ಲಿ ಸಾವಿರಕ್ಕೆ 8 ಜನ. ಮೇಲಿನ, ನಡುವಿನ ಜಾತಿಯ ಹಿಂದೂಗಳಲ್ಲಿ ಸಾವಿರಕ್ಕೆ 19ರ ಹತ್ತಿರ. ಕೆಳಜಾತಿ ಎಂದು ದೂರ ಇಟ್ಟಿದ್ದವರಲ್ಲಿ ಸಾವಿರಕ್ಕೆ 61. ಅದೇ ಊರು, ಅದೇ ತಿಂಗಳು, ಅದೇ ಗಾಳಿ. ವೈರಸ್ಸಿಗೆ ಜಾತಿ ಗೊತ್ತಿಲ್ಲ. ಯಾರನ್ನು ಯಾವ ಕೇರಿಗೆ ತಳ್ಳಿದ್ದೇವೆ, ಯಾರ ಹೊಟ್ಟೆಗೆ ಎಷ್ಟು ಬಿದ್ದಿದೆ ಎನ್ನುವುದು ಊರಿಗೆ ಗೊತ್ತಿತ್ತು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದ ಕಾಳಿನ ಬೆಲೆ ಮೊದಲೇ ಏರಿತ್ತು. ಹಸಿದ ಮೈಗೆ ಜ್ವರ ಬಂತು. ಇಡೀ ದೇಶದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂದು ಅಂದಾಜು. ಪ್ರಪಂಚದಲ್ಲಿ ಬೇರೆ ಯಾವ ದೇಶವೂ ಅಷ್ಟು ಜನರನ್ನು ಕಳೆದುಕೊಳ್ಳಲಿಲ್ಲ. 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಇಳಿಯಿತು. ಜನಗಣತಿಯಲ್ಲಿ ಹಾಗೆ ಇಳಿದ ದಶಕ ಅದೊಂದೇ.

ಇಲ್ಲಿ ನನ್ನ ಮೊದಲ ಮಾತನ್ನು ನಾನೇ ತಿದ್ದಬೇಕು. 1918ರಲ್ಲಿ ಜಾಸ್ತಿ ಸತ್ತವರು 20ರಿಂದ 40 ವಯಸ್ಸಿನವರು. ಮುದುಕರಿಗೆ ಹಿಂದೆ ಯಾವುದೋ ಅಂಥದ್ದೇ ಜ್ವರ ಬಂದಿದ್ದ ರಕ್ಷಣೆ ಸ್ವಲ್ಪ ಇದ್ದಿರಬೇಕು ಎಂದು ತಿಳಿದವರು ಹೇಳುತ್ತಾರೆ. 2009ರ ಹಂದಿಜ್ವರದಲ್ಲೂ ಹಾಗೇ, ಹತ್ತರಲ್ಲಿ ಎಂಟು ಸಾವು 65ರ ಒಳಗಿನವರದು. ಹಾಗಾಗಿ ನಮ್ಮದು ಹುಡುಗರ ದೇಶ, ಮುಂದಿನ ಸಲವೂ ಬಚಾವ್ ಎಂದುಕೊಂಡರೆ ತಪ್ಪು. ಮುಂದೆ ಬರುವುದು ಯಾವ ವಯಸ್ಸನ್ನು ಹುಡುಕಿಕೊಂಡು ಬರುತ್ತದೋ.

ಇನ್ನೊಂದು, ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಪೆಸಿಫಿಕ್ ಸಾಗರದಲ್ಲಿ ಸಮೋವಾ ದ್ವೀಪಗಳಿವೆ. ಪಕ್ಕಪಕ್ಕದ ದ್ವೀಪಗಳು, ಒಂದೇ ಜನ, ಒಂದೇ ಭಾಷೆ, ಒಂದೇ ಊಟ. ಆಗ ಪಶ್ಚಿಮ ಭಾಗ ನ್ಯೂಜಿಲೆಂಡ್ ಆಡಳಿತದಲ್ಲಿತ್ತು, ಪೂರ್ವ ಭಾಗ ಅಮೆರಿಕದ ಕೈಯಲ್ಲಿ. 1918ರ ನವೆಂಬರ್ 7ರಂದು ತಾಲೂನೆ ಎಂಬ ಹಡಗು ಆಕ್ಲೆಂಡಿನಿಂದ ಪಶ್ಚಿಮ ಸಮೋವಾಕ್ಕೆ ಬಂತು. ಹಡಗಿನಲ್ಲಿ ಜ್ವರದವರಿದ್ದರು. ಇಳಿಯಲು ಬಿಟ್ಟರು. ಕೆಲವೇ ವಾರದಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಸತ್ತರು. ಅಮೆರಿಕನ್ ಸಮೋವಾದ ಗವರ್ನರ್ ಜಾನ್ ಪೋಯರ್ ಹಡಗುಗಳನ್ನು ತಡೆದು ನಿಲ್ಲಿಸಿದ. ಅಲ್ಲಿ ಒಂದು ಸಾವೂ ಇಲ್ಲ. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಹೋಗಿ ಸಮೋವಾ ಜನರ ಕ್ಷಮೆ ಕೇಳಿದರು. ಮೈಯ ಗುಣ, ಮಣ್ಣಿನ ಗುಣ ಎನ್ನುವವರು ಈ ಎರಡು ದ್ವೀಪಗಳನ್ನು ನೋಡಬೇಕು.


ಗೂಡಿನ ಮನೆ, ಶಿಡ್ಲಘಟ್ಟ:

ಮೇಷ್ಟ್ರೇ, ಇದನ್ನು ಓದುತ್ತಾ ನಮ್ಮಜ್ಜಿ ನೆನಪಾದರು. ಅವರ ಅತ್ತೆ ಹೇಳುತ್ತಿದ್ದ ಪ್ಲೇಗಿನ ಕಥೆ. ಅಟ್ಟದಿಂದ ಇಲಿ ಬಿದ್ದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲವಂತೆ. ರಾಗಿ ಮೂಟೆ, ಒನಕೆ, ಮಕ್ಕಳು, ದನ ಹೊಡೆದುಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ಊರಿಗೆ ಊರೇ ಖಾಲಿ. ಹೊಲ ಇಲ್ಲದವರು? ಅಜ್ಜಿ ಹೇಳುತ್ತಿದ್ದರು, ಅವರು ಯಾರದೋ ಹೊಲದ ಬದುವಿನಲ್ಲಿ ಇರುತ್ತಿದ್ದರು, ಹೊಲದವರು ಬಿಟ್ಟರೆ. ಬಿಡದಿದ್ದರೆ ವಾಪಸ್ ಊರಿಗೆ, ಇಲಿ ಬಿದ್ದ ಮನೆಗೆ.

ಪ್ಲೇಗು ಬೊಂಬಾಯಿಗೆ ಬಂದಿದ್ದು 1896ರಲ್ಲಿ, ಬೆಂಗಳೂರಿಗೆ 1898ರಲ್ಲಿ. ಅಗಲ ರಸ್ತೆಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆಯಲು ಆ ಭಯವೂ ಒಂದು ಕಾರಣ. ಅದೇ ಪ್ಲೇಗು ಹಡಗಿನಲ್ಲಿ ಯುರೋಪಿನ ಬಂದರುಗಳಿಗೂ ಹೋಗಿತ್ತು, ಅಲ್ಲಿ ಸತ್ತವರು ಬಹಳ ಕಡಿಮೆ. ನಮ್ಮಲ್ಲಿ ಕೋಟಿಗೂ ಜಾಸ್ತಿ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಮಲಗುವ ಕೋಣೆಯಲ್ಲೇ ಕಾಳಿನ ವಾಡೆ. ಇಲಿಗೂ ಮನುಷ್ಯರಿಗೂ ಒಂದೇ ಮನೆ. 1994ರ ಸೂರತ್ ಪ್ಲೇಗಿಗೆ ಮುಂಚೆ ದೇಶದಲ್ಲಿ ಕೊನೆಯ ಪ್ಲೇಗ್ ರೋಗಿ ಖಚಿತವಾಗಿದ್ದು 1966ರಲ್ಲಿ, ನಮ್ಮ ಕೋಲಾರ ಜಿಲ್ಲೆಯಲ್ಲಿ. ಆಗ ನಾವೂ ಕೋಲಾರವೇ, ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಮಣ್ಣಿನ ಗುಣ ನಮ್ಮನ್ನು ಕಾಯುವುದಾಗಿದ್ದರೆ ಪ್ಲೇಗು ಇಲ್ಲಿ ಅಷ್ಟು ವರ್ಷ ಯಾಕೆ ಉಳಿಯಬೇಕಿತ್ತು?

ಹುಳದವರಿಗೆ ಒಂದು ಮಾತು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಗಂಟು ರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲ ಕಚ್ಚಿಸಿದಾಗ 1865ರಲ್ಲಿ ಅದನ್ನು ನೋಡಲು ಹೋದವರು ಲೂಯಿ ಪಾಶ್ಚರ್. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಆ ಮೊಟ್ಟೆ ಬಿಸಾಡಿ ಎಂದರು. ಇವತ್ತಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮಾಡುವುದು ಅದನ್ನೇ. ನಾವು ತರುವ ಮೊಟ್ಟೆಯ ಹಿಂದೆ ಹೀಗೆ ನೋಡುವ ಒಬ್ಬರು ಕೂತಿದ್ದಾರೆ. ನಮ್ಮ ಹಳ್ಳಿಯ ಜ್ವರದ ಹಿಂದೆ ಹಾಗೆ ನೋಡುವವರು ಯಾರಿದ್ದಾರೆ?


ಆಶಾ, ಬಾಗೇಪಲ್ಲಿ ಕಡೆ:

ನಾನು ಇದ್ದೇನಪ್ಪ. ಇಷ್ಟು ದಿನ ಓದುತ್ತಾ ಮಾತ್ರ ಇದ್ದೆ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ನಾನು ಆಶಾ ಕಾರ್ಯಕರ್ತೆ, ಎರಡು ಊರು ನನ್ನ ಪಾಲಿಗೆ. 2021ರಲ್ಲಿ ಮನೆ ಮನೆಗೆ ಹೋಗಿ ಜ್ವರ ಕೇಳುತ್ತಿದ್ದೆ. ಬಾಗಿಲು ತೆಗೆಯುತ್ತಿರಲಿಲ್ಲ. ತೆಗೆದರೂ "ಜ್ವರ ಇಲ್ಲಮ್ಮ, ಸುಮ್ನೆ ಮೈಕೈ ನೋವು" ಎನ್ನುತ್ತಿದ್ದರು. ಒಳಗೆ ಕೆಮ್ಮು ಕೇಳುತ್ತಿತ್ತು. ಹೇಳಿದರೆ ಕರೆದುಕೊಂಡು ಹೋಗುತ್ತಾರೆ, ಹೋದವರು ಬರುವುದಿಲ್ಲ ಎನ್ನುವ ಭಯ. ಬೈಯಲು ನನಗೆ ಮನಸ್ಸಾಗಲಿಲ್ಲ. ಆಕ್ಸಿಜನ್ ಬೆಡ್ ಇದ್ದ ಜಾಗ ಗಂಟೆಗೂ ಜಾಸ್ತಿ ದಾರಿ.

ಹೆಂಗಸರ ವಿಷಯ ಯಾರೂ ಬರೆಯಲಿಲ್ಲ. ಮನೆಯಲ್ಲಿ ಗಂಡನಿಗೆ, ಮಾವನಿಗೆ ಬಂದರೆ ಕಾರು ಬರುತ್ತಿತ್ತು. ಅತ್ತೆಗೆ, ಅಜ್ಜಿಗೆ ಬಂದರೆ ಕಷಾಯ. ಎಲ್ಲರ ಹಾಸಿಗೆ ತೊಳೆದವರು, ಗಂಜಿ ಕುಡಿಸಿದವರು ಅವರೇ. ಅವರೇ ಕೊನೆಗೆ ಮಲಗಿದ್ದು.

ನನ್ನ ಹತ್ತಿರ ಒಂದು ಪುಸ್ತಕ ಇದೆ. ಹುಟ್ಟು, ಸಾವು, ಬಸಿರು ಎಲ್ಲ ಬರೆದುಕೊಳ್ಳುತ್ತೇನೆ. ಮಾಮೂಲಿ ವರ್ಷ ನನ್ನ ಎರಡೂ ಊರು ಸೇರಿ ಆರೋ ಏಳೋ ಸಾವು. ಆ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೇ ಹನ್ನೊಂದು. ಅದರಲ್ಲಿ ಕೊರೊನಾ ಎಂದು ಬರೆಸಿದ್ದು ಮೂರು. ಉಳಿದವರು ಎದೆನೋವು, ಬಿಪಿ, ವಯಸ್ಸು. ಟೆಸ್ಟೇ ಮಾಡಿಸಿರಲಿಲ್ಲ, ಏನೆಂದು ಬರೆಸುತ್ತಾರೆ? ನಮ್ಮ ಊರುಗಳಲ್ಲಿ ಕೊರೊನಾ ಕಡಿಮೆ ಎಂದು ಯಾರಾದರೂ ಹೇಳಿದರೆ ನನಗೆ ಆ ಪುಸ್ತಕ ಕಣ್ಣಮುಂದೆ ಬರುತ್ತದೆ.


ಓದುತ್ತಿರುವವಳು, ಗೌರಿಬಿದನೂರು:

ಅಕ್ಕಾ, ನಿಮ್ಮ ಪುಸ್ತಕದಲ್ಲಿ ಇರುವುದನ್ನೇ ನಾವು ಹೆಚ್ಚುವರಿ ಸಾವು ಎಂದು ಓದುತ್ತೇವೆ. ಕಾರಣ ಏನೆಂದು ಬರೆದಿದ್ದಾರೋ ಬಿಡಿ. ಪ್ರತಿ ವರ್ಷ ಎಷ್ಟು ಸಾಯುತ್ತಿದ್ದರು, ಈ ವರ್ಷ ಎಷ್ಟು ಸತ್ತರು, ಅಷ್ಟು ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಲೆಕ್ಕ ಹಾಕಿದಾಗ 2020 ಮತ್ತು 2021ರಲ್ಲಿ ಪ್ರಪಂಚದಲ್ಲಿ ಹೆಚ್ಚುವರಿ ಸಾವು 1.49 ಕೋಟಿ. ದೇಶಗಳು ಹೇಳಿದ್ದು ಸುಮಾರು 54 ಲಕ್ಷ. ಭಾರತಕ್ಕೆ ಅವರು ಹಾಕಿದ ಅಂದಾಜು 47 ಲಕ್ಷ, ನಮ್ಮ ಅಧಿಕೃತ ಲೆಕ್ಕ ಆಗ 4.8 ಲಕ್ಷ. ಲೆಕ್ಕ ಹಾಕಿದ ರೀತಿಯನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ಸರಿಯಾದ ಸಂಖ್ಯೆ ಯಾವುದೇ ಇರಲಿ, ಅಕ್ಕನ ಪುಸ್ತಕದಲ್ಲಿ ಕಾಣುವ ಅಂತರ ನಿಜ. ಪೆರು 2021ರಲ್ಲಿ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಂಡಿತು. 69 ಸಾವಿರ ಇದ್ದದ್ದು ಒಂದೇ ದಿನ 1.8 ಲಕ್ಷ ಆಯಿತು. ಪೆರು ಪಟ್ಟಿಯಲ್ಲಿ ಮೊದಲು ನಿಲ್ಲಲು ಅದೂ ಒಂದು ಕಾರಣ. ಅವರು ಎಣಿಸಿದರು.

ಆಫ್ರಿಕಾದಲ್ಲಿ ಕೊರೊನಾ ಏನೂ ಮಾಡಲಿಲ್ಲ ಎನ್ನುತ್ತಾರಲ್ಲ, ಅದಕ್ಕೂ ಒಂದು ಉತ್ತರ ಇದೆ. ಜಾಂಬಿಯಾದ ಲುಸಾಕಾದಲ್ಲಿ 2020ರಲ್ಲಿ ಕೆಲವು ಸಂಶೋಧಕರು ಶವಾಗಾರಕ್ಕೆ ಬಂದ ಹೆಣಗಳನ್ನೇ ಪರೀಕ್ಷೆ ಮಾಡಿದರು. ಐದಾರು ಹೆಣಕ್ಕೆ ಒಂದರಲ್ಲಿ ವೈರಸ್ ಸಿಕ್ಕಿತು. ಅವರಲ್ಲಿ ಬದುಕಿದ್ದಾಗ ಟೆಸ್ಟ್ ಆಗಿದ್ದವರು ಬೆರಳೆಣಿಕೆ. ಹುಡುಗರ ದೇಶ ಎನ್ನುವುದೂ ನಿಜ, ಸಾವು ಕಡಿಮೆಯಾಗಿರಬಹುದು ಎನ್ನುವುದೂ ನಿಜ. ಆದರೆ ನೋಡದೆ ಇದ್ದದ್ದನ್ನು ಇಲ್ಲ ಎಂದು ಬರೆದುಕೊಂಡಿದ್ದೂ ಅಷ್ಟೇ ನಿಜ.

ಮುಂಬೈ ಧಾರಾವಿ ಥರದ ಕಡೆ ಇನ್ನೊಂದು ರೀತಿ. 2020ರ ಜುಲೈನಲ್ಲಿ ಮುಂಬೈಯ ಮೂರು ವಾರ್ಡಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕೊಳೆಗೇರಿಯಲ್ಲಿ ನೂರಕ್ಕೆ 57 ಜನಕ್ಕೆ ಆಗಲೇ ಸೋಂಕು ಬಂದು ಹೋಗಿತ್ತು, ಅದೇ ವಾರ್ಡಿನ ಫ್ಲ್ಯಾಟುಗಳಲ್ಲಿ 16. ಕೆಜಿಎಫ್ ಅಣ್ಣ ಹೇಳಿದ ಲೈನ್ ಮನೆಯ ಲೆಕ್ಕ ಇದು.


ಮಂಡಿ ಲೆಕ್ಕ, ಕೋಲಾರ:

ನಮ್ಮ ಸಾಲಿನ ಮೂವರು ಎಂದೆನಲ್ಲ, ಅದರಲ್ಲಿ ಕೊರೊನಾ ಎಂದು ಬರೆಸಿದ್ದು ಒಬ್ಬರದೇ. ಇವತ್ತು ಬೆಳಗ್ಗೆ ಅವರ ಮಗನನ್ನೇ ಕೇಳಿದೆ. ಪರಿಹಾರದ ಹಣವೂ ಆ ಒಬ್ಬರ ಮನೆಗೇ ಬಂದಿದ್ದು. ಇಷ್ಟು ವರ್ಷ ದಿನಾ ಅವರ ಪಕ್ಕದಲ್ಲೇ ಕೂತು ಬಾಕ್ಸ್ ಎಣಿಸಿದವನು ನಾನು, ಇದನ್ನು ಕೇಳಲೇ ಇಲ್ಲ.


ಗೂಡಿನ ಮನೆ, ಶಿಡ್ಲಘಟ್ಟ:

ಅಕ್ಕನ ಪುಸ್ತಕದ ಮಾತು ಓದಿ ಎರಡು ದಿನ ಸುಮ್ಮನಿದ್ದೆ. ಇವತ್ತು ಡೇರಿಯಲ್ಲಿ ಅದೇ ಹಿರಿಯರು ಸಿಕ್ಕರು. ವಾದ ಮಾಡಲು ಹೋಗಲಿಲ್ಲ. ಅಪ್ಪನ ವಿಷಯ ಹೇಳಿದೆ. ಕಾರಿನಲ್ಲಿ ಗಾಜು ಇಳಿಸು ಎಂದಿದ್ದು, ಆಸ್ಪತ್ರೆ ಬಾಗಿಲು, ಎಲ್ಲ. ಅವರು ಕ್ಯಾನ್ ಕೆಳಗಿಟ್ಟು ಕಟ್ಟೆ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ನನ್ನ ತಂಗಿಯೂ ಅದೇ ತಿಂಗಳು ಹೋಗಿದ್ದು ಕಣಪ್ಪ. ಬಿಪಿ ಎಂದು ಬರೆಸಿದೆವು" ಎಂದರು.

ಅಲ್ಲೇ ಕೂತು ಹಾಲಿನ ಚೀಟಿ ಹಿಂದೆ ಹೆಸರು ಬರೆಯಲು ಶುರು ಮಾಡಿದೆವು. ನಮ್ಮ ಊರಲ್ಲಿ ಆ ಏಪ್ರಿಲ್, ಮೇ, ಜೂನ್‌ನಲ್ಲಿ ಹೋದವರು. ಹಾಲು ಹಾಕಲು ಬಂದವರೆಲ್ಲ ಒಂದೊಂದು ಹೆಸರು ಸೇರಿಸಿದರು. ಹದಿನಾಲ್ಕು ಆಗಿದೆ. ಇನ್ನೂ ಎರಡು ಬೀದಿ ಬಾಕಿ.

ಮೇಷ್ಟ್ರೇ, ಹೋಲಿಸಬೇಕಾದರೆ ಹಿಂದಿನ ಎಷ್ಟು ವರ್ಷದ್ದು ಬರೆಯಬೇಕು? ಗ್ರಾಮ ಲೆಕ್ಕಿಗರ ಹತ್ತಿರ ರಿಜಿಸ್ಟರ್ ಕೇಳುತ್ತೇನೆ.


ಮೇಷ್ಟ್ರು, ಚಿಂತಾಮಣಿ:

2015ರಿಂದ 2019, ಐದು ವರ್ಷ ಸಾಕು. ತಿಂಗಳು ಬರೆಯಿರಿ, ವಯಸ್ಸು ಬರೆಯಿರಿ. ಯಾವ ಬೀದಿ ಎನ್ನುವುದನ್ನೂ ಬರೆಯಿರಿ. ರಿಜಿಸ್ಟರಿನಲ್ಲಿ ಇಲ್ಲದ ಹೆಸರು ಇದ್ದರೆ ಬೇರೆ ಬಣ್ಣದ ಪೆನ್ನಿನಲ್ಲಿ.


ಆಶಾ, ಬಾಗೇಪಲ್ಲಿ ಕಡೆ:

ಅಜ್ಜಿಯರನ್ನು ಬಿಡಬೇಡಿ ತಮ್ಮಾ. ಅವರ ಹೆಸರು ಗಂಡಸರಿಗೆ ನೆನಪಿರುವುದಿಲ್ಲ. ಹಾಲು ಹಾಕಲು ಬರುವ ಹೆಂಗಸರನ್ನು ಕೇಳಿ.